ಹೆಚ್ಚಾದ ನಾಲ್ಕು ದಿನ

ಮೇ ೧೪, ಬುಧವಾರ

ನಿದ್ದೆ ಹತ್ತುತ್ತಿಲ್ಲ. ನಗರಸಭೆ ಚುನಾವಣೆಯಲ್ಲಿ ಹೊರದೇಶದ ನಮ್ಮಂಥವರೂ ಮತ ಹಾಕಬಹುದು, ಐದು ವರ್ಷದಿಂದ ಈ ದೇಶದಲ್ಲೇ ಇದ್ದರೆ. ನಡುವೆ ತೊಂಬತ್ತು ದಿನಕ್ಕಿಂತ ಹೆಚ್ಚು ಆಚೆ ಹೋಗಿರಬಾರದು. ಇವತ್ತು ಪಟ್ಟಿಗೆ ಹೆಸರು ಸೇರಿಸಲು ಹೋದಾಗ ನಗರಸಭೆಯ ಗುಮಾಸ್ತೆ ನನ್ನ ಪಾಸ್‌ಪೋರ್ಟಿನ ಮುದ್ರೆಗಳನ್ನು ಎರಡೆರಡು ಸಲ ನೋಡಿದಳು.

"ತೊಂಬತ್ನಾಲ್ಕಾಗತ್ತೆ ಸರ್. ಮತ್ತೆ ಮೊದಲಿಂದ ಐದು ವರ್ಷ."

"ಮತಗಟ್ಟೆಗೆ ಮರದ ಹಲಗೆ ಮರೆ ಮಾಡ್ಕೊಟ್ಟ ಬಡಗಿ ನಾನೇ ಕಣಮ್ಮಾ" ಅಂದೆ. ಪಾಪ, ಅವಳಾದರೂ ಏನು ಮಾಡಿಯಾಳು.

ಮನೆಯಲ್ಲಿ ಇವಳು ರೇಗಿದಳು: "ನಾಲ್ಕು ದಿನ ಮುಂಚೆ ಬಂದಿದ್ರೆ ಏನಾಗ್ತಿತ್ತು ನಿಮಗೆ?"

ಅಂದು ಊರಿನಿಂದ ಮರಳಿ ಹೊರಡಲು ಚೀಲ ಹೆಗಲಿಗೇರಿಸಿದಾಗ, ಹಾಸಿಗೆ ಹಿಡಿದಿದ್ದ ಅಮ್ಮ "ಇನ್ನೊಂದು ನಾಲ್ಕು ದಿನ ಇದ್ದು ಹೋಗೋ" ಅಂದಳು. ಇದ್ದೆ. ಐದನೆಯ ದಿನ ಹೊರಟಾಗಲೂ ಅದನ್ನೇ ಅಂದಳು. ಆ ಸಲ ನಾನು ನಿಲ್ಲಲಿಲ್ಲ.