ಕರೆದರೂ ಬರದವರು

ಮಾರ್ಚ್ ೧೪, ಭಾನುವಾರ

ಪ್ರೀತಿಯ ಪುಟ್ಟಿ,

ನಿನಗೂ ಅಳಿಯನಿಗೂ ಅಮ್ಮನ ತುಂಬು ಹಾರೈಕೆ. ಹೌದು, ಅಳಿಯ ಎಂದೇ ಬರೆದಿದ್ದೇನೆ, ಕಣ್ಣುಜ್ಜಿಕೊಳ್ಳಬೇಡ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಕೈನೋವು, ಕೆಲಸ ಎಂದೆಲ್ಲ ನೆಪ ಹೇಳಬಹುದು, ಆದರೆ ಉತ್ತರ ಬರೆಯಲು ಹೆದರಿದ್ದೆ ಅಷ್ಟೆ. ಕ್ಷಮಿಸು.

ನೀನು ಕೇಳಿದ್ದು ಒಂದೇ ಮಾತು: "ಅತ್ತೆ ನಿಮ್ಮ ಆರೋಗ್ಯ ಕೇಂದ್ರಕ್ಕೆ ನಿಜವಾಗ್ಲೂ ಬರ್ತಾ ಇರ್ಲಿಲ್ವಾ ಅಮ್ಮಾ?" ದೊಡ್ಡಾಸ್ಪತ್ರೆಗೆ ಸೇರಿಸಿದಾಗ ಅವರ ಫೈಲಿನಲ್ಲಿ 'ಗೈರು' ಎಂದಿರುವುದನ್ನು ನೋಡಿ ನಿನ್ನ ಗಂಡ ತಾಯಿಯನ್ನು ಸುಳ್ಳುಗಾತಿ ಎಂದು ಬೈದ, ಅವರು ತೀರಿಹೋಗುವವರೆಗೂ ಮುಖ ಕೊಟ್ಟು ಮಾತಾಡಲಿಲ್ಲ ಎಂದು ಬರೆದಿದ್ದೀಯ. ಅವನಿಗೆ ಈಗಲೇ ಹೇಳು: ಅವರು ಬರುತ್ತಿದ್ದರು.

ನನ್ನ ಕೆಲಸ ನಿನಗೆ ಗೊತ್ತು. ಕೌಂಟರಿನಲ್ಲಿ ಕೂತು ಹೆಸರು ಕೂಗುವುದು. ಮೂರು ಸಲ ಕೂಗಿದರೂ ಏಳದಿದ್ದರೆ 'ಗೈರು' ಎಂದು ಬರೆದು ಮುಂದಿನವರನ್ನು ಕರೆಯಬೇಕು. ನನ್ನ ಗಂಟಲಿಗೆ ನಿಮ್ಮಪ್ಪ 'ಮೈಕು' ಎಂದು ಹೆಸರಿಟ್ಟಿದ್ದರಲ್ಲ, ಕೇಳಿಸಲಿಲ್ಲ ಎನ್ನುವ ಮಾತೇ ಇಲ್ಲ.

ಹೋದ ತಿಂಗಳು ತಪಾಸಣೆಗೆ ಒಬ್ಬ ಮೇಡಂ ಬಂದರು. ಅವರ ಹಾಳೆಯಲ್ಲಿದ್ದದ್ದು ಇಷ್ಟು: ಅದೇ ಸಕ್ಕರೆ ಕಾಯಿಲೆ, ಅದೇ ಡಾಕ್ಟರು, ಅದೇ ಮಾತ್ರೆ. ಆದರೂ ಸೇತುವೆಯಾಚೆಯ ಜನ, ಮೈಬಣ್ಣ ಮನೆಮಾತು ಎರಡೂ ಬೇರೆಯಾದ ನಿನ್ನ ಅತ್ತೆಯ ಜನ, ನಮ್ಮವರಿಗಿಂತ ಎರಡು ಪಟ್ಟು ಕಾಲು ಕಳೆದುಕೊಳ್ಳುತ್ತಿದ್ದಾರೆ, ಎರಡು ಪಟ್ಟು ಸಾಯುತ್ತಿದ್ದಾರೆ.

"ಆ ಜನಾನೇ ಹಾಗೆ ಮೇಡಂ, ಕರೆದ್ರೂ ಬರಲ್ಲ," ಎಂದರು ಡಾಕ್ಟರು. ನಾನೂ ತಲೆಯಾಡಿಸಿದೆ.

ಮೇಡಂ ಹೋಗಿ ರೋಗಿಗಳ ಬೆಂಚಿನ ಮೇಲೆ ಕೂತರು. ಹನ್ನೆರಡು ಗಂಟೆಗೆ ಎದ್ದು ಬಂದು, ನಾನು ಗೈರು ಬರೆದಿದ್ದ ಚೀಟಿಗಳನ್ನು ತೆಗೆದುಕೊಂಡು ಪೂರ್ತಿ ಹೆಸರುಗಳನ್ನು ನಿಧಾನವಾಗಿ ಓದಿದರು. ಒಬ್ಬೊಬ್ಬರಾಗಿ ಆರು ಜನ ಎದ್ದು ನಿಂತರು. ಅವರಲ್ಲೊಬ್ಬ ಮುದುಕ, "ಬೆಳಗ್ಗೆಯಿಂದ ನೀವು ಕರೀತಾ ಇದ್ದದ್ದು ನನ್ನನ್ನೇನಮ್ಮಾ?" ಎಂದ. ಸಿಟ್ಟೂ ಇಲ್ಲದೆ ಕೇಳಿದ.

ಆ ಜನರಲ್ಲಿ ಮನೆತನದ ಹೆಸರು ಮೊದಲು, ತಮ್ಮ ಹೆಸರು ಆಮೇಲೆ. ನಾನು ಉದ್ದವಾಯಿತೆಂದು ಮೊದಲ ತುಂಡನ್ನಷ್ಟೇ, ಅದನ್ನೂ ನಾಲಿಗೆಗೆ ಬಂದ ಹಾಗೆ ಕೂಗುತ್ತಿದ್ದೆ. ಹನ್ನೊಂದು ವರ್ಷ! ನಿನ್ನ ಅತ್ತೆಯ ಫೈಲು ತೆಗೆದು ನೋಡಿದೆ. ನಾಲ್ಕು ಗೈರು, ನಾಲ್ಕೂ ನನ್ನ ಅಕ್ಷರ. ಅಷ್ಟರಲ್ಲಿ ಅವರ ಕಾಲಿನ ಗಾಯ ಮೂಳೆಗಿಳಿದಿತ್ತು.

ಈಗ ಪೂರ್ತಿ ಹೆಸರು ಕೂಗುತ್ತೇನೆ, ಜನ ಏಳುತ್ತಾರೆ. ಆದರೆ ಪ್ರತಿ ಸಲವೂ ಕಿಟಕಿಯ ಕೆಳಗೆ ಇನ್ನೂ ಒಬ್ಬರು ಅರ್ಧ ಎದ್ದು, ತಮ್ಮನ್ನಲ್ಲವೆಂದು ಮತ್ತೆ ಕೂತಂತಾಗುತ್ತದೆ. ತಲೆ ಎತ್ತಿದರೆ ಅಲ್ಲಿ ಯಾರೂ ಇರುವುದಿಲ್ಲ. ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ನಿನ್ನ ಅತ್ತೆಯ ಪೂರ್ತಿ ಹೆಸರು ಬಾಯಿಗೆ ಬರುತ್ತದೆ, ಒಂದಕ್ಷರವೂ ತಪ್ಪದೆ. ಹೆದರಿಕೆಯಾಗುತ್ತದೆ ಪುಟ್ಟಿ.

ಈ ಕಾಗದ ಅಳಿಯನಿಗೇ ಓದಲು ಕೊಡು. ತಾಯಿಯ ಮೇಲಿನ ಅವನ ಮುನಿಸು ಕರಗಲಿ. ನಿಮ್ಮಿಬ್ಬರ ಬಾಳು ತಣ್ಣಗಿರಲಿ.

ನಿನ್ನ
ಅಮ್ಮ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದ್ದೇನೆ. ಉಳಿದವರ ವಿಷಯ ನನಗೆ ಗೊತ್ತಿರಲಿಲ್ಲ, ನಿನ್ನ ಅತ್ತೆಯದು ಗೊತ್ತಿತ್ತು. ನಾಲ್ಕನೆಯ ಸಲ ಅವರು ಕುಂಟುತ್ತಾ ಕೌಂಟರಿಗೇ ಬಂದು, "ಬೀಗಿತ್ತಿಯವರೇ, ಚೆನ್ನಾಗಿದ್ದೀರಾ?" ಎಂದು ನಕ್ಕರು. ಪಕ್ಕದಲ್ಲೇ ನರ್ಸ್ ನಿಂತಿದ್ದಳು. ನೀನು ಯಾರ ಮನೆ ಸೇರಿದ್ದೀಯೆಂದು ನಾನು ಅಲ್ಲಿ ಯಾರಿಗೂ ಹೇಳಿರಲಿಲ್ಲ. "ಹೋಗಿ ಕೂತ್ಕೊಳ್ಳಿ, ಕರೀತೀನಿ," ಎಂದೆ. ಹೋಗಿ ಕಿಟಕಿಯ ಕೆಳಗೆ ಕೂತರು. ಅವರ ಮುಖ ನೋಡಿಕೊಂಡೇ, ಅದೇ ಮೊದಲ ತುಂಡನ್ನು ಎಂದಿನ ಹಾಗೆ ಮೂರು ಸಲ ಕೂಗಿದೆ. ಬೀಗಿತ್ತಿ ಹೇಗೂ ಕರೆಯುತ್ತಾಳೆಂದು ಅವರು ನನ್ನನ್ನೇ ನೋಡುತ್ತಾ ಕೂತಿದ್ದರು. ನಾನು ಗೈರು ಎಂದು ಬರೆದೆ.