ಕೆಲಸ ಮಾಡಿದ ಮುಲಾಮು

ಗದಗ
ಕ್ರಿ.ಶ. ೨೧೯೪, ಫೆಬ್ರವರಿ ಮೂವತ್ತು

ಕನ್ನಡಿಯ ಮುಂದೆ ನಿಂತು ಕಣ್ಣಿನ ಅಂಚಿನ ಗೆರೆ ಎಣಿಸುತ್ತಿರುವವರಿಗೆ,

ತಾರೀಖು ನೋಡಿ ಕೈತಪ್ಪೆಂದು ತಿಳಿಯಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಬಿಸಿಲಿನ ತಿಂಗಳುಗಳಿಂದ ಒಂದೆರಡು ದಿನ ಕಿತ್ತು ಇಲ್ಲಿ ಸೇರಿಸಿದರೆ ಬೇಸಿಗೆ ಗಿಡ್ಡವಾದೀತೆಂದು ಯಾರೋ ಲೆಕ್ಕ ಹಾಕಿದ್ದರಂತೆ. ಬೇಸಿಗೆ ಗಿಡ್ಡವಾಗಲಿಲ್ಲ. ಈ ಕಾಗದದಲ್ಲಿ ನಿಮಗೆ ಗುರುತಿಲ್ಲದ ಶಬ್ದಗಳು ಬಂದರೆ ಮನ್ನಿಸಿ, ಆದಷ್ಟು ಬಿಡಿಸಿ ಹೇಳುತ್ತೇನೆ. ಅರವತ್ತು ತುಂಬಿದವರಿಗೆ ಇಲ್ಲಿ ಒಂದು ಹಿಂದೋಲೆ ಬರೆಯಲು ಅಪ್ಪಣೆ ಇದೆ. ಹಿಂದೋಲೆ ಎಂದರೆ ಕಳೆದ ಕಾಲದವರಿಗೆ ಬರೆಯುವ ಪತ್ರ. ಅದು ಮುಟ್ಟಿದ್ದನ್ನು ಕಂಡವರಿಲ್ಲ. ಹೆಚ್ಚಿನವರು ಮುತ್ತಜ್ಜನಿಗೆ ಬರೆದು ಹೊಲ ಮಾರಬೇಡವೆಂದು ಬೇಡಿಕೊಳ್ಳುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಕಾಲದ ಜನ ಕೇಳಿದ ಪ್ರಶ್ನೆಗಳು ನಮ್ಮ ಕಡತಮನೆಯಲ್ಲಿ ಇನ್ನೂ ಉಳಿದಿವೆ. ಅವುಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತದೆ: ಸುಕ್ಕು ಹೋಗಲು ನಿಜವಾಗಿ ಕೆಲಸ ಮಾಡುವ ಕ್ರೀಮ್ ಯಾವುದು? ಉತ್ತರ ನನಗೆ ಗೊತ್ತು. ಅದನ್ನು ಪರೀಕ್ಷಿಸಿ ಸಹಿ ಹಾಕಿದವಳು ನಾನೇ.

ನನ್ನ ಹೆಸರು ಮಹಾನಂದಾ. ನಾನು ಮತ್ತು ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ ಚೆನ್ನಾಂಬಿಕಾ, ಇಬ್ಬರೂ ಮದುವೆಯಾಗದೆ ಅವ್ವನ ಜೊತೆ ಇದ್ದೆವು. ನಮ್ಮ ಮನೆ ಇದ್ದದ್ದು ನೆರಳುಬೀದಿಯಲ್ಲಿ. ನೆರಳುಬೀದಿ ಎಂದರೆ ಈ ತುದಿಯಿಂದ ಆ ತುದಿಯವರೆಗೆ ದಪ್ಪ ಬಟ್ಟೆ ಹೊದಿಸಿದ ಬೀದಿ. ಅದರ ಕೆಳಗಲ್ಲದೆ ಹಗಲಿನಲ್ಲಿ ಯಾರೂ ನಡೆಯುವುದಿಲ್ಲ. ಬೆಳಗಿನ ಎಂಟು ಗಂಟೆಗೆ ಮಾಳಿಗೆಯ ಮೇಲೆ ಹಂಚು ಇಟ್ಟರೆ ಒಲೆಯಿಲ್ಲದೆ ರೊಟ್ಟಿ ಬೇಯುತ್ತದೆ. ಜೋಳ ಇನ್ನೂ ಇದೆ, ಗುರೆಳ್ಳು ಚಟ್ನಿ ಇದೆ, ಅಷ್ಟರಮಟ್ಟಿಗೆ ನೀವು ಸಮಾಧಾನ ಪಡಬಹುದು. ಆದರೆ ಇಂಥ ಬಿಸಿಲಲ್ಲಿ ಚರ್ಮ ಬೇಗ ಸೋಲುತ್ತದೆ. ಮೂವತ್ತಕ್ಕೇ ನಮ್ಮ ಹಣೆ ಒಣಗಿದ ಕೆರೆಯಂಗಳದ ಹಾಗೆ ಆಗುತ್ತದೆ. ಹಾಗಾಗಿ ಸುಕ್ಕಿನ ಮುಲಾಮು ಮಾರದ ಅಂಗಡಿ ನಮ್ಮ ಬೀದಿಯಲ್ಲಿ ಇರಲಿಲ್ಲ.

ಅಕ್ಕ ಮುಖದಾಳು ಆಗಿದ್ದಳು. ಅರ್ಜಿಗಳನ್ನೆಲ್ಲ ನೋಡಿ ತೀರ್ಮಾನ ಕೊಡುವುದು ಯಂತ್ರ. ಆದರೆ ‘ಇಲ್ಲ’ ಎಂಬ ಮಾತನ್ನು ಯಂತ್ರದಿಂದ ಕೇಳಿಸಿಕೊಂಡವರು ಗಾಜು ಒಡೆಯುತ್ತಾರೆಂದು, ಅದನ್ನು ಹೇಳಲು ಮಾತ್ರ ಮನುಷ್ಯರನ್ನು ಕೂರಿಸುತ್ತಾರೆ. ಅಂಥವರು ಮುಖದಾಳುಗಳು. ಆಸ್ಪತ್ರೆಯಲ್ಲಿ ಜಾಗ ಇಲ್ಲ, ತಂಪುಮನೆ ಸಿಗುವುದಿಲ್ಲ, ಮಗನನ್ನು ಊರಿಗೆ ಕರೆಸಿಕೊಳ್ಳುವ ಹಾಗಿಲ್ಲ ಎಂದು ಅಕ್ಕ ಇಪ್ಪತ್ತಾರು ವರ್ಷ ಹೇಳಿದಳು. ಹೇಳುವಾಗ ಅವಳ ಮುಖವೇ ಹಿಂಡಿದಂತಾಗುತ್ತಿತ್ತು. ಜನ ಅವಳನ್ನು ಬೈಯದೆ, ಅವಳಿಗೇ ಸಮಾಧಾನ ಹೇಳಿ ಹೋಗುತ್ತಿದ್ದರು. ಅವಳ ಹುಬ್ಬಿನ ನಡುವಿನ ಗೆರೆಗಳು ಬಿಸಿಲಿನಿಂದಷ್ಟೇ ಬಂದವಲ್ಲ. ಕಚೇರಿಗೆ ಆ ಗೆರೆಗಳು ಬೇಕಾಗಿರಲಿಲ್ಲ. ಪ್ರತಿ ಯುಗಾದಿಗೆ ಒಂದು ದೀಪದ ಕೆಳಗೆ ಕೂರಿಸಿ ಸುಕ್ಕು ಅಳೆಯುತ್ತಿದ್ದರು. ಮಿತಿ ದಾಟಿದವರನ್ನು ಮುಂದಿನ ಸಾಲಿನಿಂದ ಎಬ್ಬಿಸಿ, ಯಾರ ಕಣ್ಣಿಗೂ ಬೀಳದ ಕಡತದ ಕೋಣೆಗೆ ಕಳಿಸುತ್ತಿದ್ದರು.

ಐವತ್ತನೆಯ ವರ್ಷಕ್ಕೆ ಅವಳಿಗೆ ಮೊದಲ ಎಚ್ಚರಿಕೆಯ ಚೀಟಿ ಬಂತು. ಅಂದಿನಿಂದ ಹುಡುಕಾಟ ಶುರುವಾಯಿತು. ಒಂಟೆಯ ಹಾಲಿನದು, ಮಲಪ್ರಭೆಯ ಪಾಚಿಯದು, ಬಸವನಹುಳುವಿನ ಲೋಳೆಯದು, ಹಾವಿನ ಪೊರೆಯದೆಂದು ಹೇಳಿ ಮಾರಿದ ಇನ್ನೊಂದು. ಒಂದು ಉರಿಯಿತು, ಒಂದು ನಾರಿತು, ಒಂದಕ್ಕೆ ಎಂಟು ದಿನ ಮುಖ ಊದಿಕೊಂಡು ಗೆರೆ ಕಾಣಿಸಲಿಲ್ಲ. ಅದನ್ನೇ ಗುಣವೆಂದು ನಂಬಿದಳು. ಪ್ರತಿ ಡಬ್ಬಿ ತಂದಾಗಲೂ ನನ್ನ ಮುಂದೆ ಹಿಡಿಯುತ್ತಿದ್ದಳು. ನಾನು ಒರೆಮನೆಯಲ್ಲಿ ಕೆಲಸಕ್ಕಿದ್ದೆ, ಅಂಗಡಿಗೆ ಹೋಗುವ ಮೊದಲು ಔಷಧ, ಮುಲಾಮುಗಳನ್ನು ಒರೆಗೆ ಹಚ್ಚಿ ನೋಡುವ ಕಚೇರಿ ಅದು. ನಾನು ಇದ್ದದ್ದನ್ನು ಹೇಳುತ್ತಿದ್ದೆ: ಇದರಲ್ಲಿರುವುದು ನೀರು, ಎಣ್ಣೆ, ವಾಸನೆ, ನಾಲ್ಕು ತಾಸು ಚರ್ಮ ಉಬ್ಬಿಸುತ್ತದೆ, ಅಷ್ಟೆ. ಕೇಳಿ ಕೇಳಿ ಒಂದು ದಿನ ಅವಳಿಗೆ ಸಾಕಾಯಿತು.

“ನೀ ಹಿಂದಿನ ಕೋಣ್ಯಾಗ ಕೂಡಾಕಿ. ನಿನ್ನ ಮಾರಿ ಯಾರಿಗೆ ಬೇಕಾಗೈತಿ? ದಿನಾ ಇಲ್ಲ ಅನ್ನೋ ಕೆಲಸ ನಂದು. ಮನಿಗೆ ಬಂದರ ನೀನೂ ಅದನ್ನ ಹೇಳ್ತಿ” ಎಂದಳು.

ಆ ಮಾತು ನನ್ನಲ್ಲಿ ಉಳಿಯಿತು.

ಅವ್ವನ ವಿಷಯ ಹೇಳಬೇಕು. ಗುರುಸಿದ್ಧವ್ವ ಅವಳ ಹೆಸರು. ಏಳನೆಯ ವಯಸ್ಸಿನಲ್ಲಿ ಜ್ವರ ಬಂದು ಅವಳ ಕಿವಿ ಹೋಗಿತ್ತು. ಅಂದಿನಿಂದ ಅವಳು ಮುಖ ನೋಡಿಯೇ ಬದುಕಿದವಳು. ನಾವು ಶಾಲೆಯಿಂದ ಬಂದು ಹೊಸ್ತಿಲು ದಾಟುವಷ್ಟರಲ್ಲಿ, ರೊಟ್ಟಿ ಬಡಿಯುತ್ತಲೇ ಒಮ್ಮೆ ಕತ್ತೆತ್ತಿ ನೋಡಿ, ಯಾರು ಯಾರ ಜೊತೆ ಜಗಳವಾಡಿ ಬಂದಿದ್ದಾರೆಂದು ಹೇಳಿಬಿಡುತ್ತಿದ್ದಳು. ಕಿವಿಯೊಳಗೆ ಕೂರಿಸುವ ಕಾಳಿನಷ್ಟು ಸಣ್ಣ ಯಂತ್ರ ನಾನು ತಂದುಕೊಟ್ಟೆ. ಎರಡು ದಿನ ಹಾಕಿಕೊಂಡು ತೆಗೆದಿಟ್ಟಳು. “ಮಾತು ಒಂದು ಹೇಳ್ತಾವ, ಮಾರಿ ಒಂದು ಹೇಳ್ತೈತಿ. ನನಗ ಮಾರಿ ಸಾಕು” ಎಂದಳು. ಕಣ್ಣೀರನ್ನೂ ಅವಳು ನಂಬುತ್ತಿರಲಿಲ್ಲ. ಧೂಳಿಗೆ ನಮ್ಮೂರಲ್ಲಿ ಎಲ್ಲರ ಕಣ್ಣಲ್ಲೂ ನೀರು. ಕಣ್ಣಿನ ಸುತ್ತ ಏನು ಅಲುಗುತ್ತದೆ ಎಂಬುದಷ್ಟೇ ಅವಳಿಗೆ ಮುಖ್ಯ.

ಅಕ್ಕನಿಗೆ ಐವತ್ನಾಲ್ಕು ತುಂಬಿದ ವರ್ಷ ನಮ್ಮ ಒರೆಮನೆಗೆ ‘ನಿರ್ವಳಿ’ ಬಂತು. ವಳಿ ಎಂದರೆ ಸುಕ್ಕು. ನಲವತ್ತು ಹೆಂಗಸರಿಗೆ ಹಚ್ಚಿ ನೋಡಿದೆವು. ಆರು ವಾರಕ್ಕೆ ನಲವತ್ತೂ ಮುಖಗಳು ಬೆಣ್ಣೆ ಸವರಿದ ಹಾಗೆ ನುಣುಪಾದವು. ಯಂತ್ರ ಕೆಟ್ಟಿದೆಯೆಂದು ದೀಪ ಬದಲಿಸಿ ಮತ್ತೆ ಅಳೆದೆ. ಕೆಟ್ಟಿರಲಿಲ್ಲ. ಆರನೆಯ ತಿಂಗಳು ಅದೇ ಹೆಂಗಸರನ್ನು ಮತ್ತೆ ಕರೆಸಿದಾಗ ಬೇರೊಂದು ಕಂಡಿತು. ನಗಿರಿ ಎಂದರೆ ತುಟಿ ಮಾತ್ರ ಅಗಲವಾಗುತ್ತಿತ್ತು. ವರದಿಯ ಕೊನೆಗೆ ಒಂದು ಸಾಲು ಬರೆದೆ: ಮುಖದ ಸಣ್ಣ ಸ್ನಾಯುಗಳು ಸೋಲುತ್ತವೆ, ಮತ್ತೆ ಚೇತರಿಸಿದ್ದು ಕಂಡಿಲ್ಲ. ಮೇಲಧಿಕಾರಿ ಆ ಸಾಲು ಮುಂದಿನ ವರದಿಗಿರಲಿ ಎಂದರು. ಸಾಲು ಹೊಡೆದುಹಾಕಿ ಸಹಿ ಮಾಡಿದೆ. ಮುಂದಿನ ವರದಿಯನ್ನು ಯಾರೂ ಕೇಳಲಿಲ್ಲ.

ಸಹಿ ಮಾಡಿದ ಸಂಜೆಯೇ ಒಂದು ಡಬ್ಬಿ ಮನೆಗೆ ತಂದೆ. ಇದು ಕೆಲಸ ಮಾಡುತ್ತದೆ ಎಂದೆ. ಅಕ್ಕ ನನ್ನನ್ನು ಎವೆಯಿಕ್ಕದೆ ನೋಡಿ, ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕೊನೆಯ ಸಾಲಿನ ಮಾತು ನಾನು ಎತ್ತಲಿಲ್ಲ. ಮೇಲಿನವರ ಭಯವೆಂದು ಹೇಳಿಕೊಳ್ಳಬಹುದು. ನಿಜ ಅದಲ್ಲ. ವರ್ಷಗಟ್ಟಲೆ ಇಲ್ಲ ಎಂದು ಹೇಳಿದ ಬಾಯಿಂದ ಒಮ್ಮೆ ಹೌದು ಎನ್ನಬೇಕೆಂದು ನನಗೆ ಆಸೆಯಾಗಿತ್ತು.

ಮೊದಮೊದಲು ಮನೆಯಲ್ಲಿ ಹಬ್ಬ. ಅವ್ವ ಅಕ್ಕನ ಗಲ್ಲ ಸವರಿ ಲಟಿಕೆ ಮುರಿದಳು. ಯುಗಾದಿಯ ದೀಪದ ಕೆಳಗೆ ಅಕ್ಕ ಗೆದ್ದಳು. ಮುಂದಿನ ಸಾಲಿನಲ್ಲಿ ಉಳಿದಳು. ಮಳೆಗಾಲ ಬರುವ ಹೊತ್ತಿಗೆ ಅವ್ವ ಅಕ್ಕನ ಮುಖವನ್ನೇ ನೋಡುತ್ತ ಕೂರತೊಡಗಿದಳು. ಒಂದು ಮಧ್ಯಾಹ್ನ ನನ್ನನ್ನು ಅಡುಗೆಮನೆಗೆ ಕರೆದು ಕೇಳಿದಳು.

“ಚೆನ್ನಿ ನನ್ನ ಮ್ಯಾಲ ಯಾಕ ಸಿಟ್ಟಾಗ್ಯಾಳ?”

ಸಿಟ್ಟಿಲ್ಲವೆಂದು ಕೈಯಾಡಿಸಿದೆ. ಅವ್ವ ನನ್ನ ಮುಖ ನೋಡಿದಳು. ನಾನು ಏನನ್ನೋ ಬಚ್ಚಿಡುತ್ತಿದ್ದೇನೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅವಳು ಓದಿದಳು, ತಪ್ಪಾಗಿ ಅರ್ಥ ಮಾಡಿಕೊಂಡಳು. ಅಂದಿನಿಂದ ಅಕ್ಕನಿಗೆ ಇಷ್ಟವೆಂದು ದಿನಾ ಎಣ್ಣೆಗಾಯಿ ಪಲ್ಯ ಮಾಡಿದಳು. ಅಕ್ಕ ಮನೆಗೆ ಬರುವ ಹೊತ್ತಿಗೆ ಪಡಸಾಲೆ ಬಿಟ್ಟು ಒಳಗೆ ಹೋದಳು. ಹಾಸಿಗೆಯನ್ನು ಅಡುಗೆಮನೆಯ ಮೂಲೆಗೆ ಒಯ್ದಳು. ಅಕ್ಕ ಅವಳನ್ನು ತಬ್ಬಿಕೊಳ್ಳುತ್ತಿದ್ದಳು, ಕೈ ಹಿಡಿದು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ಅವ್ವ ತಲೆಯೆತ್ತಿ ಆ ಮುಖ ನೋಡುತ್ತಿದ್ದಳು, ಮೆಲ್ಲಗೆ ಕೈ ಬಿಡಿಸಿಕೊಳ್ಳುತ್ತಿದ್ದಳು. ಮುಲಾಮು ನಿಲ್ಲಿಸಿ ಅಕ್ಕ ಹದಿನಾಲ್ಕು ತಿಂಗಳು ಕಾದಳು. ಏನೂ ಮರಳಲಿಲ್ಲ.

ಅದಾದ ಮೇಲೆ ಬಂದ ವೈಶಾಖದಲ್ಲಿ ಅವ್ವನಿಗೆ ಬಿಸಿಲು ಬಡಿಯಿತು. ಮೂರು ದಿನ ಮಲಗಿದಳು. ಅಕ್ಕ ರಜೆ ಹಾಕಿ ತಲೆದೆಸೆಯಲ್ಲಿ ಕೂತಳು. ಮೂರನೆಯ ಬೆಳಿಗ್ಗೆ ಅವ್ವ ಕಣ್ಣು ತೆರೆದು ಅವಳ ಮುಖವನ್ನು ಬಹಳ ಹೊತ್ತು ಹುಡುಕಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಆಕಿ ಸಿಟ್ಟು ಇನ್ನೂ ಹೋಗಿಲ್ಲೇನು?”

ಅದೇ ಕೊನೆಯ ಮಾತು. ಮಣ್ಣಿಗೆ ಬಂದ ಜನ, ಹಿರಿಯ ಮಗಳು ಕಲ್ಲಿನ ಹಾಗೆ ಕೂತಿದ್ದಾಳೆಂದು ತಮ್ಮತಮ್ಮಲ್ಲೇ ಆಡಿಕೊಂಡರು. ಅವಳ ಸೆರಗು ಪೂರ್ತಿ ತೊಯ್ದಿದ್ದನ್ನು ಯಾರೂ ನೋಡಲಿಲ್ಲ.

ಹನ್ನೊಂದನೆಯ ದಿನ, ಬಂದವರೆಲ್ಲ ಹೋದ ಮೇಲೆ, ಅಕ್ಕ ನನ್ನೆದುರು ಬಂದು ಕೂತಳು.

“ಹಿಂಗ ಆಗ್ತೈತಿ ಅಂತ ನಿನಗ ಮೊದಲ ಗೊತ್ತಿತ್ತೇನು?”

“ಗೊತ್ತಿತ್ತು” ಎಂದೆ.

ಅವಳು ಎದ್ದು ಹೋಗಿ ರೊಟ್ಟಿಯ ಹಿಟ್ಟು ನಾದತೊಡಗಿದಳು.

ನಿರ್ವಳಿ ಈಗ ಎಲ್ಲ ಕಡೆ ಸಿಗುತ್ತದೆ. ಅಕ್ಕನನ್ನು ಕೊನೆಯ ಮೇಲ್ಮನವಿಯ ಕಟ್ಟೆಗೆ ಬಡ್ತಿ ಕೊಟ್ಟು ಕೂರಿಸಿದ್ದಾರೆ. ತಾಯಂದಿರು ಕಾಲು ಹಿಡಿದು ಅತ್ತರೂ ಅಲುಗದ ಮುಖ, ಅಲ್ಲಿಗೆ ಹೇಳಿ ಮಾಡಿಸಿದ ಹಾಗಿದೆಯಂತೆ. ಅವಳ ಕೆಳಗೆ ತರಬೇತಿಗೆ ಬರುವ ಹುಡುಗಿಯರು ಮೊದಲ ದಿನವೇ ಡಬ್ಬಿ ಕೊಂಡುಕೊಳ್ಳುತ್ತಾರೆ.

ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ನೀವು ಹುಡುಕುವುದನ್ನು ಬಿಡುವುದಿಲ್ಲವೆಂದು ನನಗೆ ಗೊತ್ತು, ಸಿಕ್ಕೇ ಸಿಗುತ್ತದೆಂದೂ ಗೊತ್ತು. ಒಂದೇ ಕೋರಿಕೆ. ಯಾರಾದರೂ ಇದು ನಿಜವಾಗಿ ಕೆಲಸ ಮಾಡುತ್ತದೆ ಎಂದು ಪ್ರೀತಿಯಿಂದ ಕೈಗೆ ಕೊಟ್ಟರೆ, ತೆಗೆದುಕೊಳ್ಳುವ ಮೊದಲು, ನಿನಗೆ ಇನ್ನೇನು ಗೊತ್ತಿದೆ ಎಂದು ಅವರನ್ನು ಕೇಳಿ. ಅಕ್ಕ ಅಂದು ಕೇಳಿದ್ದರೆ ನಾನು ಸುಳ್ಳು ಹೇಳುತ್ತಿರಲಿಲ್ಲ. ಹಾಗೆಂದು ನಂಬಿಕೊಂಡಿದ್ದೇನೆ.

ನಾವಿಬ್ಬರೂ ಈಗಲೂ ಅದೇ ಮನೆಯಲ್ಲಿದ್ದೇವೆ. ಸಂಜೆ ಅವಳೇ ಬಡಿಸುತ್ತಾಳೆ, ನನ್ನೆದುರಿಗೆ ಕೂತು ಉಣ್ಣುತ್ತಾಳೆ. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ಬಾಯಿಬಿಟ್ಟು ಹೇಳಿಲ್ಲ. ಏಳು ವರ್ಷದಿಂದ ಆ ಮುಖ ನೋಡುತ್ತಿದ್ದೇನೆ.

ಇಂತಿ,
ಮಹಾನಂದಾ