ತಿಕ್ಕಿ ತೊಳೆದ ತುಂಡುಗಳು

ಐವಾನ್-ಎ-ಶಾಹಿ, ಕಲಬುರಗಿ
ಭಾನುವಾರ, 8 ಡಿಸೆಂಬರ್ 2024

ಅವ್ವನಿಗೆ ನಿನ್ನ ಪಂಚಶೀಲಾಳ ಜೈಭೀಮ್.

ಜ್ವರ ಪೂರಾ ಇಳಿಯಿತೇ? ಫೋನಿನಲ್ಲಿ ಕೇಳಿದರೆ "ಆರಾಮ್ ಅದೀನಿ, ಇಡು" ಎಂದು ಇಟ್ಟೇ ಬಿಡುತ್ತೀ. ಅದಕ್ಕೇ ಕಾಗದ ಬರೆಯಲು ಕುಳಿತೆ. ಇದನ್ನು ನಡುವೆ ಇಡಲು ಬರುವುದಿಲ್ಲ ನೋಡು! ನೀನು ಅಕ್ಷರ ಕೂಡಿಸಿ ಓದುವವಳು ಎಂದು ದೊಡ್ಡದಾಗಿ ಬಿಡಿಸಿ ಬರೆದಿದ್ದೇನೆ. ಎಷ್ಟು ದಿನ ಹಿಡಿದರೂ ಹಿಡಿಯಲಿ, ನೀನೇ ಓದು. ಯಾರ ಕೈಗೂ ಕೊಟ್ಟು ಓದಿಸಬೇಡ.

ಮೊನ್ನೆ ಆರನೇ ತಾರೀಖು, ಬಾಬಾಸಾಹೇಬರ ನೆನಪಿನ ದಿನ, ನಾನು ಬರುತ್ತೇನೆಂದು ಬಿಳಿ ಸೀರೆ ಉಟ್ಟು ಬಸ್ ನಿಲ್ದಾಣದ ತನಕ ಬಂದು ಕಾದಿದ್ದೆಯಂತೆ. ಕೆಲಸವಿದೆ ಎಂದು ನಿನಗೆ ಹೇಳಿದ್ದು ಸುಳ್ಳು. ಎಂಥ ಕೆಲಸವೂ ಇರಲಿಲ್ಲ. ದಿನವೆಲ್ಲ ರೂಮಿನಲ್ಲಿ ಕುಳಿತಿದ್ದೆ. ನಿನ್ನ ಮುಖ ನೋಡುವ ಧೈರ್ಯ ಸಾಲಲಿಲ್ಲ.

ಜೂನಿನಲ್ಲಿ ನಾನು ತಂದ ಇಪ್ಪತ್ತನಾಲ್ಕು ಫೋಮಿನ ತುಂಡುಗಳನ್ನು ನೀನು ಒತ್ತಿ ಒತ್ತಿ ನೋಡಿ, "ಇದರಾಗ ನನಗೊಂದು ಗಾದಿ ಮಾಡಿಕೊಡ, ನಡಾ ನೋಯಸ್ತದ" ಎಂದು ನಕ್ಕಿದ್ದೆ. ಗಾದಿಯೊಳಗೆ, ಚಪ್ಪಲಿಯ ಅಟ್ಟೆಯೊಳಗೆ ಇರುವುದೂ ಅದೇ ಥರದ ಪ್ಲಾಸ್ಟಿಕ್. ಪಾಲಿಯುರಿಥೇನ್ ಎನ್ನುತ್ತಾರೆ. ಅಂಗಡಿಯದು ಮಣ್ಣಿಗೆ ಬಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಹಾಗೇ ಬಿದ್ದಿರುತ್ತದೆ. ನಾನು ಔಡಲ ಎಣ್ಣೆ ಹಾಕಿ ಮಾಡಿದ್ದು ಹಾಗಿರಬಾರದು. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆಯಲ್ಲ, ಅವು ಅದನ್ನು ತಿಂದು ಕರಗಿಸಬೇಕು. ಕರಗುತ್ತದೋ ಇಲ್ಲವೋ ನೋಡಲೆಂದೇ ನೀನು ಕೂಲಿಗೆ ಹೋಗುವ ಚಂದ್ರಶಾ ಅವರ ಕೆಂಪು ಬಾಳೆ ತೋಟದಲ್ಲಿ ಹೂತಿಟ್ಟೆವು. ತಿಂಗಳಿಗೆ ನಾಲ್ಕು ತುಂಡು ತೆಗೆ, ಮಣ್ಣು ಕೊಡವು, ಕಾಗದದಲ್ಲಿ ಸುತ್ತಿ ಬಸ್ಸಿಗೆ ಕೊಡು ಎಂದಿದ್ದೆ. ಇಲ್ಲಿ ಲ್ಯಾಬಿನಲ್ಲಿ ನಾನು ತೂಗುತ್ತಿದ್ದೆ. ಎಷ್ಟು ತೂಕ ಇಳಿದಿದೆಯೋ ಅಷ್ಟನ್ನು ಮಣ್ಣು ತಿಂದಿದೆ ಎಂದು ಅರ್ಥ.

ಮೊದಲ ತಿಂಗಳು ನೂರಕ್ಕೆ ಎಂಟು ಪಾಲು ಇಳಿದಿತ್ತು. ಐದನೇ ತಿಂಗಳಿಗೆ ಮೂವತ್ತೇಳು! ನನ್ನ ಗೈಡ್ ಖಮರುದ್ದೀನ್ ಸರ್ ಕುರ್ಚಿಯಿಂದ ಎದ್ದು ನಿಂತು, "ಕಮಾಲ್ ಮಾಡ್ದಿ ಬೇಟಾ" ಅಂದರು. ಮಾರ್ಚಿಗೆ ನನ್ನ ಫೆಲೋಶಿಪ್ ಮುಗಿಯುತ್ತದೆ. ಆರು ತಿಂಗಳ ಫಲಿತಾಂಶ ತೋರಿಸಿ ಇನ್ನೆರಡು ವರ್ಷ ಕೇಳುವುದೆಂದು ಅರ್ಜಿ ಕೂಡ ಬರೆದಿಟ್ಟಿದ್ದರು.

ಅವ್ವ, ನಿನಗೊಂದು ಸಂಗತಿ ಹೇಳಿಯೇ ಇಲ್ಲ. ಎರಡು ವರ್ಷ ನಾನು ಇಲ್ಲಿ ಒಬ್ಬಳೇ ಉಂಡಿದ್ದೇನೆ. ಯಾರೂ ಬೈಯಲಿಲ್ಲ, ಏನೂ ಅನ್ನಲಿಲ್ಲ. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚುವ ಟೇಬಲ್ಲಿನಲ್ಲಿ ನನಗೆ ಮಾತ್ರ ಜಾಗ ಇರುತ್ತಿರಲಿಲ್ಲ. ತಕ್ಕಡಿ ಇಟ್ಟ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿನ್ನ ರೊಟ್ಟಿ, ಶೇಂಗಾ ಹಿಂಡಿ ತಿಂದು ಕೈ ತೊಳೆಯುತ್ತಿದ್ದೆ. ಸಂಜೆ ರೂಮಿಗೆ ಬಂದರೆ ಅಲ್ಲೂ ಮಾತಾಡಲು ಯಾರೂ ಇಲ್ಲ. ಇಡೀ ತಿಂಗಳಲ್ಲಿ ನನ್ನನ್ನು ಬಾಯಿ ತುಂಬ ಕರೆಯುವವನು ನಮ್ಮ ಕಮಲಾಪುರದ ಬಸ್ಸಿನ ಕಂಡಕ್ಟರ್ ರೇವಣ ಒಬ್ಬನೇ. "ಪಂಚಶೀಲಾ ಬಾಯಿ, ನಿಮ್ಮವ್ವನ ಡಬ್ಬಿ ಬಂದದ ನೋಡ್ರಿ" ಎಂದು ಬಸ್ಸು ನಿಲ್ಲುವ ಮೊದಲೇ ಕೂಗುತ್ತಾನೆ. ಡಬ್ಬಿ ಕೈಗೆ ಬಂದ ಮೇಲೂ ಅರ್ಧ ತಾಸು ಅಲ್ಲೇ ಗದ್ದಲದಲ್ಲಿ ನಿಂತಿದ್ದು ಬರುತ್ತೇನೆ.

ಮೊದಲ ಫಲಿತಾಂಶ ಚೆನ್ನಾಗಿ ಬಂದ ವಾರ, ನನ್ನ ಜೊತೆ ಕೆಲಸ ಮಾಡುವ ಕಸ್ತೂರಿ ಕುರ್ಚಿಯ ಮೇಲಿದ್ದ ತನ್ನ ಬ್ಯಾಗ್ ಎತ್ತಿಕೊಂಡು, "ಬಾ, ಇಲ್ಲೇ ಕೂಡು" ಅಂದಳು. ಅಂದು ಉಂಡ ಊಟದ ರುಚಿ ನಿನಗೆ ಹೇಗೆ ಹೇಳಲಿ? ನಿನ್ನ ಹಿಂಡಿಯನ್ನು ನಾಲ್ಕು ಜನ ಬೆರಳು ಚೀಪಿ ತಿಂದರು. ನನಗೆ ಅಳು ಬಂದು, ಖಾರ ಹತ್ತಿತು ಎಂದೆ.

ಈ ತಿಂಗಳು ನೀನು ಜ್ವರದಲ್ಲಿ ಮಲಗಿದೆ. ಚಂದ್ರಶಾ ಅವರೇ ಕೊನೆಯ ನಾಲ್ಕು ತುಂಡು ಅಗೆದು, ಮಣ್ಣು ಮೆತ್ತಿದ್ದನ್ನು ಹಾಗೇ ಸುತ್ತಿ ಕಳಿಸಿದರು. ನಾನು ಮೆಲ್ಲಗೆ ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಿ, ಒಣಗಿಸಿ, ಮಂಗಳವಾರ ತೂಗಿದೆ. ಹದಿನೇಳು. ಹೋದ ತಿಂಗಳು ಮೂವತ್ತೇಳು, ಈ ತಿಂಗಳು ಹದಿನೇಳು! ಮಣ್ಣು ತಿಂದದ್ದನ್ನು ತಿರುಗಿ ಕೊಡುತ್ತದೆಯೇ? ಸರ್ ನಾಲ್ಕು ಸಲ ತೂಗಿಸಿದರು. ನಾನು ಗಾಬರಿಯಾಗಿ ನಿನಗೆ ಫೋನ್ ಹಚ್ಚಿದೆ.

ನೀನು ಎಷ್ಟು ಹೆಮ್ಮೆಯಿಂದ ಹೇಳಿದೆ! "ನಾ ಏನ್ ಹಂಗೇ ಕಳಸ್ತಿದ್ನೇನ? ಸಬಕಾರ ಹಚ್ಚಿ, ನಾರಿಲೆ ತಿಕ್ಕಿ ತಿಕ್ಕಿ ತೊಳ್ದು ಕಳಸ್ತಿದ್ದೆ. ಮೆತ್ತಗಾಗಿದ್ದೆಲ್ಲ ಉದುರಿ ಹೋಗಿ ಬೆಳ್ಳಗ ಆಗ್ತಿತ್ತು. ಅಷ್ಟ ದೊಡ್ಡ ಮಂದಿ ಕೈಯಾಗ ಹಿಡೀತಾರ, ನಮ್ಮ ಮನಿಯಿಂದ ಹೊಲಸ ಬಂದದ ಅನಬಾರ್ದಲ್ಲ ಯವ್ವಾ."

ಮಣ್ಣು ತಿಂದದ್ದೆಷ್ಟು, ನಿನ್ನ ನಾರು ತಿಂದದ್ದೆಷ್ಟು ಎಂದು ಈಗ ಯಾವ ತಕ್ಕಡಿಯೂ ಹೇಳಲಾರದು. ನಾನು ಸಿಟ್ಟಿಗೆದ್ದು ಚೀರಿದೆ. ಕೊಡವು ಎಂದರೆ ಕೊಡವಬೇಕು, ಅಷ್ಟೂ ತಿಳಿಯೋದಿಲ್ಲೇನು, ನನ್ನ ಬದುಕು ಹಾಳು ಮಾಡಿದೆ ಎಂದೆ. ನೀನು "ಉಂಡಿಯೇನು?" ಎಂದು ಕೇಳಿದೆ.

ಆಮೇಲೆ ನೆನಪಾಯಿತು. ನಿನ್ನ ತವರು ಮಹಾಗಾಂವದಲ್ಲಿ, ನೀನು ಚಿಕ್ಕವಳಿದ್ದಾಗ ತಲೆಯ ಮೇಲೆ ಹೊತ್ತು ತಂದ ಬಾಳೆಗೊನೆಗೆ ಸಾವಕಾರರ ಮನೆಯಲ್ಲಿ ನೀರು ಚಿಮುಕಿಸಿ ಒಳಗಿಟ್ಟುಕೊಳ್ಳುತ್ತಿದ್ದರಂತಲ್ಲ. ನೀನು ಅದನ್ನು ನಗುತ್ತ ಹೇಳಿದ್ದೆ, ನಾನೂ ನಕ್ಕಿದ್ದೆ. ಎಷ್ಟು ಕತ್ತೆ ನಾನು! ಅಂಥವಳ ಕೈಗೆ ಮಣ್ಣಿನ ತುಂಡು ಕೊಟ್ಟು, ತೊಳೆಯಬೇಡ ಎಂದು ಬಿಡಿಸಿ ಹೇಳದೆ ಬಂದೆ.

ಸರ್ ರೇಗಲಿಲ್ಲ. ಐದು ತಿಂಗಳದ್ದನ್ನು ಕೈಬಿಟ್ಟು ಮೊದಲಿನಿಂದ ಶುರು ಮಾಡು ಎಂದಿದ್ದಾರೆ. ಮಾರ್ಚಿನೊಳಗೆ ಅದು ಮುಗಿಯುವ ಮಾತಲ್ಲ. ಇನ್ನೆರಡು ವರ್ಷ ಸಿಗುತ್ತದೋ, ಗಂಟು ಮೂಟೆ ಕಟ್ಟಬೇಕೋ, ಗೊತ್ತಿಲ್ಲ. ಆದರೂ ಹದಿನೇಳು ಸಣ್ಣದಲ್ಲವ್ವ, ಅಷ್ಟಂತೂ ಖರೇನೇ ಕರಗಿದೆ. ನಿನ್ನೆ ಕಸ್ತೂರಿಯ ಬ್ಯಾಗ್ ಮತ್ತೆ ಆ ಕುರ್ಚಿಯ ಮೇಲಿತ್ತು. ಬೇಕೆಂದೇ ಇಟ್ಟಳೋ, ಎತ್ತಲು ಮರೆತಳೋ, ನಾನು ಕೇಳಲಿಲ್ಲ. ತಕ್ಕಡಿಯ ಕೋಣೆಗೆ ಹೋದೆ.

ಗುಳಿಗೆ ಬಿಡಬೇಡ. ತುಂಡು ಇಲ್ಲದಿದ್ದರೂ ಡಬ್ಬಿ ಮಾತ್ರ ಕಳಿಸುತ್ತಿರು.

ನಿನ್ನ ಸಿಡುಕು ಮಗಳು,
ಪಂಚಶೀಲಾ

ತಾ.ಕ.: ಮಡಚಿದ ಕಾಗದ ಮತ್ತೆ ಬಿಚ್ಚಿದ್ದೇನೆ. ನೀನು ತೊಳೆಯುವುದು ನನಗೆ ಮಂಗಳವಾರ ಗೊತ್ತಾದದ್ದಲ್ಲ. ಆಗಸ್ಟಿನಲ್ಲಿ ಹೇಳದೆ ಊರಿಗೆ ಬಂದೆನಲ್ಲ, ಆ ದಿನ ನೀನು ಬಚ್ಚಲ ಕಲ್ಲಿನ ಮೇಲೆ ಕುಳಿತು ತುಂಡು ತಿಕ್ಕುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಬೇಡವ್ವ ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಹಿಂದೆ ಸರಿದು, ಅಂಗಳಕ್ಕೆ ಹೋಗಿ, ಈಗ ಬಂದವಳ ಹಾಗೆ ನಿನ್ನನ್ನು ಕೂಗಿದೆ. ತೂಕ ಇಳಿಯುತ್ತಿತ್ತು, ಜನ ನನ್ನನ್ನು ಕರೆದು ಕೂಡಿಸಿಕೊಳ್ಳುತ್ತಿದ್ದರು, ಅದು ನಿಲ್ಲುವುದು ನನಗೆ ಬೇಕಿರಲಿಲ್ಲ.

ಮಂಗಳವಾರ ಫೋನಿನಲ್ಲಿ ಚೀರಿದ್ದೂ ಸಿಟ್ಟಿಗಲ್ಲ. ಪಕ್ಕದಲ್ಲಿ ಸರ್ ಇದ್ದರು, ಅವರಿಗೆ ಕೇಳಲಿ ಎಂದು ಚೀರಿದೆ. ನಾಳೆ ಬೆಳಿಗ್ಗೆ ಈ ಕಾಗದ ರೇವಣನ ಕೈಗೆ ಕೊಟ್ಟು, ಅಲ್ಲಿಂದ ನೇರ ಸರ್ ಹತ್ತಿರ ಹೋಗಿ ಎಲ್ಲವನ್ನೂ ಹೇಳುತ್ತೇನೆ. ಅಂದು ಫೋನ್ ಇಟ್ಟ ಮೇಲೆ ಅವರು, "ಪಾಪ, ಆಕಿಗೇನ್ ಗೊತ್ತಾಗ್ತದ" ಅಂದರು. ನಾನು "ಹೌದು ಸರ್" ಅಂದೆ.